ರಾಗಿಯಲ್ಲಿ ಎಷ್ಟು ಜೀನ್?

ಹೋದ ಭಾನುವಾರ ಅಕ್ಕನ ಮಗ ಊಟಕ್ಕೆ ಬಂದಿದ್ದ. ಜಿಕೆವಿಕೆಯಲ್ಲಿ ಎಂಎಸ್ಸಿ ಓದುತ್ತಿದ್ದಾನೆ. ಹಾಸ್ಟೆಲ್ ಊಟ ಬೇಜಾರಾದಾಗ ಅವನಿಗೆ ಯಲಹಂಕದ ನಮ್ಮ ಮನೆ ನೆನಪಾಗುತ್ತದೆ. ಅವತ್ತು ಮುದ್ದೆ, ಬಸ್ಸಾರು. ಎರಡನೇ ಮುದ್ದೆ ಮುರಿಯುತ್ತಾ ಕೇಳಿದ:

"ಮಾವ, ರಾಗಿಯಲ್ಲಿ ಎಷ್ಟು ಜೀನ್ ಇವೆ?"

"ಯಾಕಪ್ಪಾ?"

"ಒಂದು ಪೇಪರಲ್ಲಿ 85,243 ಅಂತಿದೆ. ಇನ್ನೊಂದರಲ್ಲಿ 62,348 ಅಂತಿದೆ. ಎರಡರಲ್ಲೂ ನಮ್ಮ ಯೂನಿವರ್ಸಿಟಿ ಹೆಸರಿದೆ. ಸೆಮಿನಾರಿಗೆ ಯಾವುದು ಹಾಕಲಿ?"

ಇಪ್ಪತ್ತಮೂರು ಸಾವಿರದಷ್ಟು ವ್ಯತ್ಯಾಸ! ಯಾವುದೋ ಒಂದು ತಪ್ಪಿರಬೇಕು ಅಂತ ಅವನ ಲೆಕ್ಕ. ತಪ್ಪು ಸರಿಯ ಪ್ರಶ್ನೆ ಅಲ್ಲ ಕಣೋ, ಲೆಕ್ಕ ಹಾಕಿದ ದಾರಿ ಬೇರೆ ಬೇರೆ, ಅಂತ ಶುರು ಮಾಡಿದೆ. ಅದನ್ನು ವಿವರಿಸಲು ಹೋಗಿ ಹದಿನೈದು ಇಪ್ಪತ್ತು ವರ್ಷದ ಹಿಂದಿನ ಕಥೆಗೆ ಹೋಗಬೇಕಾಯಿತು. ಅವನು ಪೂರ್ತಿ ಕೇಳಲಿಲ್ಲ, ಮಧ್ಯದಲ್ಲೇ ಮೊಬೈಲ್ ತೆಗೆದ. ಉಳಿದಿದ್ದನ್ನು ನಿಮಗೆ ಹೇಳುತ್ತಿದ್ದೇನೆ, ಸಹಿಸಿಕೊಳ್ಳಿ :)

ಬೆಂಗಳೂರಿನ ಬಯೋಇನ್ಫರ್ಮ್ಯಾಟಿಕ್ಸ್ ಅಂದರೆ ಜನಕ್ಕೆ ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ ನೆನಪಾಗುತ್ತದೆ. ನಿಜವಾಗಿ ಅದರ ಹಳೆಯ ಬೇರು ನಮ್ಮ ಈ ಕಡೆ ಇದೆ. ಯಶವಂತಪುರದ ಪಕ್ಕದಲ್ಲೇ ಇರುವ ಐಐಎಸ್‌ಸಿಯಲ್ಲಿ ಜಿ.ಎನ್. ರಾಮಚಂದ್ರನ್ 1971ರಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು. ಪ್ರೋಟೀನಿನ ಆಕಾರವನ್ನು ಲೆಕ್ಕದಿಂದ ಹಿಡಿಯಬಹುದು ಅಂತ 1963ರಲ್ಲೇ ಮದರಾಸಿನಲ್ಲಿ ತೋರಿಸಿದ್ದವರು ಅವರು. ಆಮೇಲೆ 1986-87ರ ಹೊತ್ತಿಗೆ, ಅಂದರೆ ನಮ್ಮಲ್ಲಿ ಮನೆಗೆ ಫೋನ್ ಬೇಕೆಂದರೆ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ದೇಶದಲ್ಲಿ ಜೀವಶಾಸ್ತ್ರದ ಮಾಹಿತಿ ಕೇಂದ್ರಗಳ ಜಾಲವೊಂದನ್ನು ಶುರು ಮಾಡಿತು. ಬಿಟಿಐಎಸ್‌ನೆಟ್ ಅಂತ ಅದರ ಹೆಸರು. ಐಐಎಸ್‌ಸಿಯಲ್ಲೂ ಒಂದು ಕೇಂದ್ರ ಬಂತು. ಜೀವಶಾಸ್ತ್ರಕ್ಕೂ ಕಂಪ್ಯೂಟರಿಗೂ ಏನು ಸಂಬಂಧ ಅಂತ ಬಹಳ ದೇಶಗಳು ಇನ್ನೂ ಯೋಚಿಸುತ್ತಿದ್ದಾಗಲೇ.

ಅಲ್ಲಿಂದ ಬಳ್ಳಾರಿ ರಸ್ತೆ ಹಿಡಿದು ಮೇಲಕ್ಕೆ ಬಂದರೆ ಹೆಬ್ಬಾಳ, ದಾಟಿದರೆ ಜಿಕೆವಿಕೆ. ಅದರ ಆವರಣದೊಳಗೇ ಎನ್‌ಸಿಬಿಎಸ್. ಅಲ್ಲಿ ಆರ್. ಸೌಧಾಮಿನಿಯವರ ತಂಡ ಪ್ರೋಟೀನ್ ಕುಟುಂಬಗಳ ಪಾಸ್2 ಮುಂತಾದ ಡೇಟಾಬೇಸ್‌ಗಳನ್ನು ವರ್ಷಗಳಿಂದ ಕಾಪಾಡಿಕೊಂಡು ಬಂದಿದೆ. ಸಂಜಯನಗರದ ಆಸುಪಾಸಿನಲ್ಲಿ 1998ರಿಂದಲೇ ಜೀನೋಟಿಪಿಕ್ ಅನ್ನುವ ಕಂಪನಿ. 2000ದಲ್ಲಿ ಸ್ಟ್ರಾಂಡ್ ಜೀನೋಮಿಕ್ಸ್. ಐಐಎಸ್‌ಸಿಯ ನಾಲ್ವರು ಕಂಪ್ಯೂಟರ್ ಮೇಷ್ಟ್ರುಗಳು, ವಿಜಯ್ ಚಂದ್ರು, ರಮೇಶ್ ಹರಿಹರನ್, ಸ್ವಾಮಿ ಮನೋಹರ್ ಮತ್ತು ವಿ. ವಿನಯ್, ಸೇರಿ ಕಟ್ಟಿದ್ದು.

ಈ ಹೆಸರುಗಳನ್ನು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ ಸರಿಯಾಗಿಯೇ ಅನ್ನಿಸಿದೆ. ಸಿಂಪ್ಯೂಟರ್ ಹಿಂದೆಯೂ ಇವರೇ ಇದ್ದರು. ಸಿಂಪ್ಯೂಟರಿಗೆಂದು ಹರಿಹರನ್ ಅವರ ಮುಂದಾಳತ್ವದಲ್ಲಿ ಆದದ್ದು 'ಧ್ವನಿ', ಕನ್ನಡವನ್ನೂ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಒದ್ದಾಡುತ್ತಿದ್ದ ನಮ್ಮಂಥವರಿಗೆ ಆ ಯಂತ್ರದ ದನಿಯಲ್ಲಿ ಕನ್ನಡ ಕೇಳಿದ್ದೇ ಒಂದು ಸಂಭ್ರಮ. ಅದೇ ಜನ ಇನ್ನೊಂದು ಕೈಯಲ್ಲಿ ಜೀನ್ ಎಣಿಸುವ ತಂತ್ರಾಂಶ ಬರೆಯುತ್ತಿದ್ದರು ಅನ್ನುವುದು ಆಗ ನನಗೆ ಗೊತ್ತಿರಲಿಲ್ಲ.

ಇರಲಿ, ನನ್ನ ಪಾತ್ರ ಬಹಳ ಸಣ್ಣದು. 2006ರಿಂದ ಮೂರು ನಾಲ್ಕು ವರ್ಷ ಆರ್.ಟಿ. ನಗರದ ಒಂದು ಮಹಡಿ ಮನೆಯಲ್ಲಿದ್ದ ಪುಟ್ಟ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಬಿಸಿನೆಸ್ ಕಾರ್ಡಿನಲ್ಲಿ 'ಬಯೋಇನ್ಫರ್ಮ್ಯಾಟಿಕ್ಸ್ ಅನಲಿಸ್ಟ್' ಅಂತಿತ್ತು. ಮಾಡುತ್ತಿದ್ದದ್ದು ಕಾಪಿ ಪೇಸ್ಟ್!

ನಂಬಿ, ಉತ್ಪ್ರೇಕ್ಷೆ ಮಾಡುತ್ತಿಲ್ಲ. ಮೈಕ್ರೋಅರೇ ಪ್ರಯೋಗದಿಂದ ನಾನೂರು ಜೀನ್‌ಗಳ ಪಟ್ಟಿ ಬರುತ್ತಿತ್ತು. ಮೊದಲನೆಯದನ್ನು ಕಾಪಿ ಮಾಡಿ ಅಮೆರಿಕದ ಎನ್‌ಸಿಬಿಐ ಪುಟದಲ್ಲಿ ಹಾಕುವುದು. ಬಂದ ಸಂಖ್ಯೆಯನ್ನು ಇಂಗ್ಲೆಂಡಿನ ಇನ್ನೊಂದು ಪುಟದಲ್ಲಿ ಹಾಕಿ ಪ್ರೋಟೀನ್ ಹೆಸರು ತೆಗೆಯುವುದು. ಅದನ್ನು ಜಪಾನಿನ ಕೆಗ್ ಪುಟಕ್ಕೆ ಕೊಟ್ಟು, ಜೀವಕೋಶದ ಯಾವ ಕೆಲಸದಲ್ಲಿ ಈ ಜೀನ್ ಕೈಯಾಡಿಸುತ್ತದೆ ಅಂತ ನೋಡಿ ಎಕ್ಸೆಲ್‌ನಲ್ಲಿ ಬರೆದುಕೊಳ್ಳುವುದು. ಹೀಗೆ ನಾನೂರು ಸಲ. ಮಧ್ಯೆ ಕರೆಂಟ್ ಹೋದರೆ ಯುಪಿಎಸ್ ಕಿರುಚುವುದು. ಬಿದ್ದರೆ ಮೊದಲಿಂದ.

ಸಾಲದ್ದಕ್ಕೆ ಎಕ್ಸೆಲ್‌ನ ಕಿತಾಪತಿ. 'ಎಸ್‌ಇಪಿಟಿ2' ಅಂತ ಮನುಷ್ಯರ ಒಂದು ಜೀನ್ ಇತ್ತು. ಟೈಪಿಸಿದರೆ ಎಕ್ಸೆಲ್ ತಾನೇ ಬುದ್ಧಿವಂತಿಕೆ ಮಾಡಿ ಅದನ್ನು ಸೆಪ್ಟೆಂಬರ್ 2 ಮಾಡಿಬಿಡುತ್ತಿತ್ತು. 'ಮಾರ್ಚ್1' ಅನ್ನುವ ಜೀನ್ ಮಾರ್ಚ್ ಒಂದನೇ ತಾರೀಕು! ಇದು ನನ್ನೊಬ್ಬನ ಗೋಳು ಅಂದುಕೊಂಡಿದ್ದೆ. 2016ರಲ್ಲಿ ಯಾರೋ ಎಣಿಸಿ ನೋಡಿದರೆ, ಎಕ್ಸೆಲ್ ಪಟ್ಟಿ ಲಗತ್ತಿಸಿದ್ದ ಜೀನೋಮ್ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಈ ತಪ್ಪು ಇತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯವರೇ ಸೋತು ಆ ಜೀನ್‌ಗಳ ಹೆಸರು ಬದಲಿಸಿದರು. ಎಕ್ಸೆಲ್ ಗೆದ್ದಿತು.

ಈ ಕತ್ತೆ ಚಾಕರಿಗೆ ಔಷಧಿ ಅಂತ ಬಂದದ್ದು ವೆಬ್ ಸರ್ವಿಸ್. ಹೀಗೆ ಅಂದುಕೊಳ್ಳಿ. ದರ್ಶಿನಿಯ ಮುಂದಿನ ಕೌಂಟರಿನಲ್ಲಿ ಮನುಷ್ಯರು ನಿಂತು ಕೂಪನ್ ತೆಗೆದುಕೊಂಡು ಇಡ್ಲಿ ಕೇಳುತ್ತಾರೆ. ಅದು ನಾವು ನೋಡುವ ವೆಬ್ ಪುಟ. ಅದೇ ಅಡಿಗೆಮನೆಗೆ ಹಿಂದುಗಡೆ ಒಂದು ಕಿಟಕಿ ತೆಗೆದು, 'ಇಲ್ಲಿ ಇನ್ನೊಂದು ಕಂಪ್ಯೂಟರ್ ಬಂದು ಕೇಳಿದರೂ ಕೊಡುತ್ತೇವೆ, ಕೇಳುವ ಕ್ರಮ ಇಷ್ಟು' ಅಂತ ಬೋರ್ಡು ಹಾಕಿದರೆ ಅದು ವೆಬ್ ಸರ್ವಿಸ್. ಆಗ ಸೋಪ್ ಅನ್ನುವ ಪದ್ಧತಿಯಲ್ಲಿ ಕೇಳಬೇಕಿತ್ತು (ಬಟ್ಟೆ ಸೋಪಲ್ಲ). ಎನ್‌ಸಿಬಿಐ, ಇಂಗ್ಲೆಂಡಿನ ಇಬಿಐ, ಕೆಗ್ ಎಲ್ಲರೂ ಹಿಂದಿನ ಕಿಟಕಿ ತೆಗೆದರು.

ಈಗ ಕಿಟಕಿಯಿಂದ ಕಿಟಕಿಗೆ ಓಡಾಡುವ ಹುಡುಗ ಬೇಕು. ಆ ಹುಡುಗನ ಹೆಸರು ಟವೆರ್ನಾ. ಇಂಗ್ಲೆಂಡಿನಲ್ಲಿ 2001ರಲ್ಲಿ ಶುರುವಾದ ಮೈಗ್ರಿಡ್ ಯೋಜನೆಯಲ್ಲಿ ಮ್ಯಾಂಚೆಸ್ಟರಿನ ಕೆರೋಲ್ ಗೋಬಲ್, ಇಬಿಐನ ಟಾಮ್ ಓಯಿನ್ ಮತ್ತಿತರರು ಮಾಡಿದ ತಂತ್ರಾಂಶ. ಅದರ ಬಗ್ಗೆ ಪ್ರಬಂಧ ಬಂದದ್ದು 2004ರಲ್ಲಿ. ಪರದೆಯ ಮೇಲೆ ಡಬ್ಬಿಗಳು, ಡಬ್ಬಿಯಿಂದ ಡಬ್ಬಿಗೆ ಬಾಣ. ಒಂದೊಂದು ಡಬ್ಬಿ ಒಂದೊಂದು ಕಿಟಕಿ. ಮೇಲಿನ ಡಬ್ಬಿಗೆ ನಾನೂರು ಜೀನ್ ಸುರಿದರೆ ಕೆಳಗಿನ ಡಬ್ಬಿಯಲ್ಲಿ ಉತ್ತರ. ಈ ಇಡೀ ಚಿತ್ರಕ್ಕೆ ವರ್ಕ್‌ಫ್ಲೋ ಅನ್ನುತ್ತಾರೆ. ಅದನ್ನು ಒಂದು ಫೈಲಾಗಿ ಉಳಿಸಿ ಬೇರೆಯವರಿಗೆ ಕೊಡಬಹುದು, ಅವರೂ ಓಡಿಸಬಹುದು.

ಹೇಳುವುದು ಸುಲಭ. ಒಂದು ಕಿಟಕಿ ಕೊಟ್ಟದ್ದನ್ನು ಇನ್ನೊಂದು ಕಿಟಕಿ ಒಪ್ಪುತ್ತಿರಲಿಲ್ಲ. ಒಬ್ಬರು ಜೀನ್ ಹೆಸರಿನ ಮುಂದೆ ಎರಡು ಅಕ್ಷರ ಸೇರಿಸುವರು, ಇನ್ನೊಬ್ಬರಿಗೆ ಅದು ಬೇಡ. ಹಾಗಾಗಿ ಮಧ್ಯೆ ಮಧ್ಯೆ ಬರೀ ರೂಪ ಬದಲಿಸುವ ಸಣ್ಣ ಡಬ್ಬಿಗಳು ಬೇಕಾಗುತ್ತಿದ್ದವು. ಶಿಮ್ ಅಂತ ಕರೆಯುತ್ತಿದ್ದರು, ಬಾಗಿಲಿನ ಸಂದಿಗೆ ಇಡುವ ಬೆಣೆ ಇದ್ದ ಹಾಗೆ. ನುಡಿಯಲ್ಲಿ ಟೈಪಿಸಿದ ಹಳೇ ಲೇಖನವನ್ನು ಯೂನಿಕೋಡಿಗೆ ತಂದು, ಅರ್ಕಾವೊತ್ತು ತಿದ್ದಿ, ಕಣ್ಣು ನೋಯಿಸಿಕೊಂಡ ನಿಮಗೆಲ್ಲ ಇದು ಬೇಗ ಅರ್ಥವಾಗುತ್ತದೆ. ನನ್ನ ಮೊದಲ ವರ್ಕ್‌ಫ್ಲೋದಲ್ಲಿ ನಿಜವಾದ ಕೆಲಸ ಮಾಡುವ ಡಬ್ಬಿ ನಾಲ್ಕು, ಶಿಮ್‌ಗಳು ಹನ್ನೊಂದು.

ಆದರೂ ಅದು ಮೊದಲ ಸಲ ಓಡಿದ ರಾತ್ರಿ ಮರೆಯುವ ಹಾಗಿಲ್ಲ. ಮನೆಯಲ್ಲಿ ಬಿಎಸ್ಸೆನ್ನೆಲ್ ಡೇಟಾವನ್. ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದಿದ್ದ ಪ್ಲಾನು. ಅಲಾರಂ ಇಟ್ಟು ಎದ್ದು ಪಟ್ಟಿ ಸುರಿದು ಗುಂಡಿ ಒತ್ತಿದೆ. ಡಬ್ಬಿಗಳು ಒಂದೊಂದಾಗಿ ಬಣ್ಣ ಬದಲಿಸುತ್ತಾ ಹೋದವು. ನಾನೂರು ಜೀನ್, ನಾಲ್ಕು ದಿನದ ಕೆಲಸ, ಹಾಲಿನವನು ಬರುವ ಹೊತ್ತಿಗೆ ಮುಗಿದಿತ್ತು. ಅಮ್ಮ ಎದ್ದು ಬಂದು "ರಾತ್ರಿಯೆಲ್ಲಾ ಏನೋ ಅದು?" ಅಂದರೆ, "ಅದೇ ಕೆಲಸ ಮಾಡ್ತಿದೆ ಕಣಮ್ಮ, ನಾನಲ್ಲ" ಅಂದಿದ್ದೆ.

ಇದೇ ಹೊತ್ತಿನಲ್ಲಿ ಸ್ಟ್ರಾಂಡ್‌ನವರು ತಮ್ಮ ಅವಾಡಿಸ್ ತಂತ್ರಾಂಶದ ಮೇಲೆ ಅಜಿಲೆಂಟ್ ಕಂಪನಿಯ ಜೀನ್‌ಸ್ಪ್ರಿಂಗನ್ನು ಹೊಸದಾಗಿ ಕಟ್ಟುತ್ತಿದ್ದರು. ಅದರಲ್ಲೂ ಹೆಜ್ಜೆ ಹೆಜ್ಜೆಯಾಗಿ ಕೈಹಿಡಿದು ನಡೆಸುವ ವರ್ಕ್‌ಫ್ಲೋ ಇತ್ತು. ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಬಳಸಿದ ಆ ತಂತ್ರಾಂಶದ ಒಳಗಿನ ಕೆಲಸ ನಮ್ಮ ಬೆಂಗಳೂರಿನಲ್ಲಿ ಆಗಿದ್ದು ಅನ್ನುವುದು ಹೆಮ್ಮೆಯ ವಿಷಯವೇ. ಆದರೆ ಅದಕ್ಕೆ ಲೈಸೆನ್ಸ್ ಕೊಳ್ಳಬೇಕು, ದಾರಿಗಳೆಲ್ಲ ಆ ಒಂದೇ ತಂತ್ರಾಂಶದ ಒಳಗೆ. ಟವೆರ್ನಾ ಬಿಟ್ಟಿ, ದಾರಿ ಊರ ತುಂಬಾ. ಯಾವುದು ಒಳ್ಳೆಯದು ಅಂತ ಆಗ ಕೇಳಿದ್ದರೆ ಕಣ್ಣುಮುಚ್ಚಿ ಟವೆರ್ನಾ ಅನ್ನುತ್ತಿದ್ದೆ. (ಸ್ಟ್ರಾಂಡ್ ಆಮೇಲೆ ಹೆಬ್ಬಾಳದ ಕಿರ್ಲೋಸ್ಕರ್ ಬಿಸಿನೆಸ್ ಪಾರ್ಕಿಗೆ ಬಂತು, ಕ್ಯಾನ್ಸರ್ ತಪಾಸಣೆಯ ಕಡೆ ಹೊರಳಿತು, 2021ರಲ್ಲಿ ರಿಲಯನ್ಸ್ ಪಾಲಾಯಿತು. ಅದು ಬೇರೆಯೇ ಕಥೆ.)

2007ರಲ್ಲಿ ಮ್ಯಾಂಚೆಸ್ಟರ್ ಮತ್ತು ಸೌತಾಂಪ್ಟನ್‌ನವರು ಸೇರಿ ಮೈಎಕ್ಸ್‌ಪೆರಿಮೆಂಟ್ ಅಂತ ಒಂದು ತಾಣ ತೆರೆದರು. ಫೋಟೋ ಹಂಚುವ ಹಾಗೆ ವರ್ಕ್‌ಫ್ಲೋ ಹಂಚುವುದು. ಅದಕ್ಕೆ ಅವರು ಮತ್ತೆ ಮತ್ತೆ ಕೊಡುತ್ತಿದ್ದ ಉದಾಹರಣೆ ದನದ ಕಾಯಿಲೆಯದು. ಆಫ್ರಿಕಾದಲ್ಲಿ ತ್ಸೆತ್ಸೆ ನೊಣದಿಂದ ಹರಡುವ ಟ್ರಿಪನೊಸೋಮ ಅನ್ನುವ ಪರಾವಲಂಬಿ ದನಗಳನ್ನು ಕೊಲ್ಲುತ್ತದೆ. ಆದರೆ ಎನ್‌ದಾಮ ಅನ್ನುವ ತಳಿ ತಡೆದುಕೊಳ್ಳುತ್ತದೆ. ಯಾವ ಜೀನಿಂದ? ಪಾಲ್ ಫಿಶರ್ ಅನ್ನುವವರು ಟವೆರ್ನಾದಲ್ಲಿ ವರ್ಕ್‌ಫ್ಲೋ ಕಟ್ಟಿ, ಇಲಿಗಳ ಮಾಹಿತಿಯನ್ನು ಹಾಯಿಸಿ, ಅನುಮಾನದ ಜೀನ್‌ಗಳ ಪಟ್ಟಿ ತೆಗೆದರು. ಪ್ರಬಂಧ 2007ರದ್ದು. ಸ್ವಾರಸ್ಯ ಇರುವುದು ಆಮೇಲೆ. ಅದೇ ವಿಶ್ವವಿದ್ಯಾಲಯದ ಜೋ ಪೆನಕ್ ಅನ್ನುವ ಸಂಶೋಧಕಿ ಇಲಿಗಳ ಕರುಳಿನ ಹುಳದ ಮೇಲೆ ಕೆಲಸ ಮಾಡುತ್ತಿದ್ದರು. ಅವರು ಫಿಶರ್ ವರ್ಕ್‌ಫ್ಲೋವನ್ನು ತೆಗೆದುಕೊಂಡು ತಮ್ಮ ಮಾಹಿತಿ ಹಾಕಿ ಓಡಿಸಿದರು. ಕೈಯಲ್ಲಿ ಹುಡುಕಿದಾಗ ಸಿಗದಿದ್ದ ಜೀನ್‌ಗಳು ಸಿಕ್ಕವು. ದನದ ಜ್ವರಕ್ಕೆ ಮಾಡಿದ ದಾರಿ, ಇಲಿಯ ಹುಳಕ್ಕೆ ಆಯಿತು.

ಹೆಬ್ಬಾಳದ ಪಶುವೈದ್ಯ ಕಾಲೇಜಿನ ಮುಂದೆ ದಿನಾ ಬಸ್ಸಿನಲ್ಲಿ ಹಾದುಹೋಗುತ್ತಿದ್ದ ನನಗೆ ಈ ಕಥೆ ಬಹಳ ಹಿಡಿಸಿತು. ಅದೇ ಪರಾವಲಂಬಿಯ ದಾಯಾದಿ ನಮ್ಮ ದನ, ಕುದುರೆಗಳಿಗೂ ಸರ್ರಾ ಅನ್ನುವ ಕಾಯಿಲೆ ತರುತ್ತದೆ. ಮ್ಯಾಂಚೆಸ್ಟರಿನವರ ಡಬ್ಬಿಗಳು ಹೆಬ್ಬಾಳದಲ್ಲೂ ಓಡಬಹುದಲ್ಲ!

ನಾನು ಹಂಚಿದ್ದು ದನದ್ದಲ್ಲ, ರಾಗಿಯದ್ದು.

ರಾಗಿಗೆ ಆಗ ಜೀನೋಮ್ ಇರಲಿಲ್ಲ. ಅಂದರೆ ರಾಗಿಯೊಳಗೆ ಇತ್ತು, ಯಾರೂ ಓದಿರಲಿಲ್ಲ. ಅಕ್ಕಿಯದ್ದು 2005ಕ್ಕೇ ಪೂರ್ತಿಯಾಗಿ ಓದಿ ಮುಗಿದಿತ್ತು, ಆ ಕೆಲಸದಲ್ಲಿ ಭಾರತವೂ ಪಾಲುದಾರ. ಅಕ್ಕಿ ಜಗತ್ತಿನ ಊಟ, ದುಡ್ಡು ಬರುತ್ತದೆ. ರಾಗಿಗೆ ಇಂಗ್ಲಿಷಿನಲ್ಲಿ ಅನಾಥ ಬೆಳೆ ಅಂತಲೇ ಹೆಸರು. ಹಿತ್ತಲ ಗಿಡ ಮದ್ದಲ್ಲ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟು ದಶಕಗಳೇ ಆಗಿದ್ದವು. ಆ ಸಣ್ಣ ಹೂವಿನಲ್ಲಿ ಪರಾಗ ಬೆರೆಸುವುದು ಸೂಜಿ ಮೊನೆಯ ಕೆಲಸ, ತನ್ನಷ್ಟಕ್ಕೇ ಬಿಟ್ಟರೆ ರಾಗಿ ಹೂವು ತನ್ನಲ್ಲೇ ಫಲಿಸಿಕೊಳ್ಳುತ್ತದೆ. ಅವರು ಕಣ್ಣಿನಿಂದ ಆರಿಸಿದ್ದರ ಹಿಂದೆ ಯಾವ ಜೀನ್ ಇತ್ತು ಅಂತ ತಿಳಿಯಲು ನಾವು ಅಕ್ಕಿಯ ಪುಸ್ತಕ ನೋಡಬೇಕಾಗಿತ್ತು.

ನನ್ನ ವರ್ಕ್‌ಫ್ಲೋ ಮಾಡುತ್ತಿದ್ದದ್ದು ಅದನ್ನೇ. ರಾಗಿಯ ಜೀನ್ ತುಣುಕು ಕೊಟ್ಟರೆ ಅಕ್ಕಿಯಲ್ಲಿ ಅದರ ಜೋಡಿ ಹುಡುಕಿ, ಅದು ಗಿಡದ ಯಾವ ಕೆಲಸಕ್ಕೆ ಸೇರಿದ್ದು ಅಂತ ಹೇಳುವುದು. 2009ರಲ್ಲಿ ಕಟ್ಟಿ ಹಂಚಿದೆ. ಒಂದಷ್ಟು ಜನ ಇಳಿಸಿಕೊಂಡರು. ಅವರಲ್ಲಿ ಒಬ್ಬಳು ಚಿಂತಾಮಣಿ ಕಡೆಯ ಹುಡುಗಿ, ರಾಗಿಯ ಬೆಂಕಿ ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. (ಬೆಂಕಿ ರೋಗಕ್ಕೆ ಇಂಗ್ಲಿಷಿನಲ್ಲಿ ಬ್ಲಾಸ್ಟ್. ಜೀನ್ ಜೋಡಿ ಹುಡುಕುವ ತಂತ್ರಾಂಶದ ಹೆಸರೂ ಬ್ಲಾಸ್ಟ್. ಅವಳ ಗೈಡ್ ಪ್ರತಿ ಸಲ "ಯಾವ ಬ್ಲಾಸ್ಟಮ್ಮಾ?" ಅಂತ ಕೇಳುತ್ತಿದ್ದರಂತೆ.) ನನ್ನ ಡಬ್ಬಿಗಳ ಮೇಲೆ ಅವಳು ಒಂದು ಅಧ್ಯಾಯವನ್ನೇ ನಿಲ್ಲಿಸಿದ್ದಳು.

2014ರಲ್ಲಿ ಫೋನ್ ಬಂತು. ನಾನು ಆ ಕೆಲಸ ಬಿಟ್ಟು ಬೇರೆ ಕಡೆ ಸೇರಿ ವರ್ಷಗಳಾಗಿದ್ದವು.

"ಸರ್, ನಿಮ್ಮ ವರ್ಕ್‌ಫ್ಲೋ ಓಡ್ತಾ ಇಲ್ಲ."

"ಯಾವ ಡಬ್ಬಿ ಕೆಂಪಾಗ್ತಿದೆ?"

"ಮೂರನೇದು ಸರ್. ಪರೀಕ್ಷಕರು ಕೆಲವು ಜೀನ್ ಮತ್ತೆ ನೋಡಿ ಕಳಿಸಿ ಅಂದಿದ್ದಾರೆ. ಮೂರು ವಾರ ಟೈಮ್ ಇದೆ."

ಮೂರನೇ ಡಬ್ಬಿಯ ಕಿಟಕಿಯೇ ಇರಲಿಲ್ಲ. ಎಲ್ಲೋ ಹೊರದೇಶದ ಒಂದು ಸರ್ವರ್, ಮುಚ್ಚಿಹೋಗಿತ್ತು. ಬೇರೆ ಕಡೆಯಿಂದ ಅದೇ ಮಾಹಿತಿ ತರೋಣ ಅಂತ ನೋಡಿದರೆ, ನಾನು ಬಳಸಿದ್ದು ಅಕ್ಕಿ ಜೀನ್ ಪಟ್ಟಿಯ ಯಾವ ಆವೃತ್ತಿ ಅಂತ ಎಲ್ಲೂ ಬರೆದಿರಲಿಲ್ಲ. ಹೋಲಿಕೆ ಎಷ್ಟಿದ್ದರೆ ಜೋಡಿ ಅಂತ ಒಪ್ಪಬೇಕು ಅನ್ನುವ ಗಡಿ ಸಂಖ್ಯೆ ಒಂದು ಶಿಮ್ಮಿನ ಒಳಗೆ ಹುದುಗಿತ್ತು, ಯಾಕೆ ಆ ಸಂಖ್ಯೆ ಅಂತ ನನಗೇ ನೆನಪಿಲ್ಲ. ಎರಡು ರಾತ್ರಿ ಕೂತು ತೇಪೆ ಹಾಕಿದೆ. ಓಡಿತು, ಆದರೆ ಉತ್ತರ ಬೇರೆ ಬಂತು. ಮೊದಲು ಬಂದ ಪಟ್ಟಿಯ ಕೆಲವು ಜೀನ್ ಮಾಯ, ಹೊಸದಾಗಿ ಕೆಲವು ಹಾಜರ್. ಹಳೆಯದು ಸರಿಯೋ ಹೊಸದು ಸರಿಯೋ ಹೇಳುವ ಯೋಗ್ಯತೆ ನನಗಿರಲಿಲ್ಲ. ಅವಳು ಕೊನೆಗೆ ಒಂದೊಂದೇ ಜೀನನ್ನು ಕೈಯಲ್ಲಿ ಕಾಪಿ ಪೇಸ್ಟ್ ಮಾಡಿ ಆ ಅಧ್ಯಾಯ ಮತ್ತೆ ಬರೆದಳು. ನಾನು ಯಾವ ಚಾಕರಿಯಿಂದ ಬಿಡುಗಡೆ ಕೊಡಿಸುತ್ತೇನೆ ಅಂತ ಬೀಗಿದ್ದೆನೋ ಅದೇ ಚಾಕರಿ. ಸರ್ವರ್ ಮುಚ್ಚಿದವರನ್ನು ಬಯ್ದುಕೊಂಡು ಸುಮ್ಮನಿರಬಹುದಿತ್ತು. ಆದರೆ ಆವೃತ್ತಿ, ತಾರೀಕು ಬರೆದಿಡದಿದ್ದವನು ನಾನೇ.

ಇಂಥದ್ದು ಎಷ್ಟು ಕಡೆ ಆಗಿತ್ತು ಅಂತ ಆಮೇಲೆ ಓದಿ ತಿಳಿಯಿತು. ಟವೆರ್ನಾ ಮಾಡಿದವರ ಬಳಗದವರೇ 2012ರಲ್ಲಿ ಮೈಎಕ್ಸ್‌ಪೆರಿಮೆಂಟಿನಿಂದ 92 ವರ್ಕ್‌ಫ್ಲೋಗಳನ್ನು ಆರಿಸಿ ಓಡಿಸಿ ನೋಡಿದ್ದರು. ಹತ್ತಿರ ಹತ್ತಿರ 80 ಶೇಕಡಾ ಓಡಲಿಲ್ಲ, ಇಲ್ಲವೇ ಮೊದಲಿನ ಉತ್ತರ ಕೊಡಲಿಲ್ಲ. ಮುಖ್ಯ ಕಾರಣ, ಬೇರೆಯವರ ಕಿಟಕಿಗಳು ಮುಚ್ಚಿದ್ದು, ಬದಲಾದದ್ದು. ತಾವೇ ಕಟ್ಟಿದ ಮನೆಯ ಬಿರುಕನ್ನು ತಾವೇ ಅಳೆದು ಅಚ್ಚು ಹಾಕಿಸಿದರಲ್ಲ, ಆ ಪ್ರಾಮಾಣಿಕತೆ ನನಗೆ ಟವೆರ್ನಾಗಿಂತ ದೊಡ್ಡದಾಗಿ ಕಾಣುತ್ತದೆ. ಆಮೇಲೆ ದೊಡ್ಡ ದೊಡ್ಡ ಕಿಟಕಿಗಳೇ ಮುಚ್ಚಿದವು. ಕೆಗ್‌ನ ಸೋಪ್ ಸೇವೆ 2012ರ ಡಿಸೆಂಬರ್ ಕೊನೆಗೆ, ಎನ್‌ಸಿಬಿಐನದು 2015ರಲ್ಲಿ. ಎಲ್ಲರೂ ಹಗುರವಾದ ಹೊಸ ಪದ್ಧತಿಗೆ ಹೋದರು. ಟವೆರ್ನಾವನ್ನು 2014ರಲ್ಲಿ ಅಪಾಚೆ ಫೌಂಡೇಶನ್ನಿಗೆ ಒಪ್ಪಿಸಿದರು, 2020ರಲ್ಲಿ ಅಲ್ಲೂ ಬಾಗಿಲು ಹಾಕಿದರು.

ನಮ್ಮ ಕಡೆಯೂ ವಿಳಾಸಗಳು ಬದಲಾದವು. ಐಐಎಸ್‌ಸಿಯಲ್ಲಿ ಎನ್. ಶ್ರೀನಿವಾಸನ್ ಅವರ ತಂಡ 2007ರಲ್ಲಿ ಪಿಐಸಿ ಅನ್ನುವ ವೆಬ್ ಸರ್ವರ್ ಕೊಟ್ಟಿತ್ತು. ಪ್ರೋಟೀನಿನ ಒಳಗೆ ಯಾವ ಪರಮಾಣು ಯಾವುದರ ಜೊತೆ ಕೈ ಹಿಡಿದಿದೆ ಅಂತ ಲೆಕ್ಕ ಹಾಕಿ ಕೊಡುವಂಥದ್ದು. ದೇಶ ವಿದೇಶದ ವಿದ್ಯಾರ್ಥಿಗಳು ಬಳಸಿದರು. ಆಗಿನ ಪ್ರಬಂಧದಲ್ಲಿ ಅಚ್ಚಾದ ವಿಳಾಸ 'ಅರ್ನೆಟ್ ಡಾಟ್ ಇನ್' ಅಂತ ಮುಗಿಯುತ್ತದೆ. ಸಂಸ್ಥೆಯ ವಿಳಾಸ ಆಮೇಲೆ 'ಎಸಿ ಡಾಟ್ ಇನ್' ಆಯಿತು. ಕಾಗದದ ಮೇಲಿನ ವಿಳಾಸ ಮಾತ್ರ ಹಾಗೇ ಉಳಿಯಿತು. ಶ್ರೀನಿವಾಸನ್ ಅವರು 2021ರಲ್ಲಿ ತೀರಿಕೊಂಡರು.

ಈಗ ಅಕ್ಕನ ಮಗನ ಪ್ರಶ್ನೆಗೆ ಬರೋಣ. ಪಾಪ, ಕಾಯುತ್ತಿದ್ದಾನೆ.

ರಾಗಿ ಜೀನೋಮ್ ಮೊದಲು ಓದಿದ್ದು 2017ರಲ್ಲಿ, ಇದೇ ಜಿಕೆವಿಕೆಯಲ್ಲಿ, ಶೈಲಜಾ ಹಿತ್ತಲಮನಿಯವರ ತಂಡ. ತಳಿ ಎಂಎಲ್-365, ಬರ ತಡೆಯುವ ರಾಗಿ. ಅದರ ಹೆತ್ತವರಲ್ಲಿ ಒಂದು ಇಂಡಾಫ್-5, ಅಂದರೆ ಲಕ್ಷ್ಮಣಯ್ಯನವರ ಕೈಗುಣ ಅಲ್ಲೂ ಇದೆ. ಸುಮಾರು 120 ಕೋಟಿ ಅಕ್ಷರ ಓದಿದರು, ಅಂದಾಜು ಜೀನೋಮಿನ 82 ಶೇಕಡಾ. ಜೀನ್ 85,243. ಬರ ಬಿದ್ದಾಗ ಎಚ್ಚರಗೊಳ್ಳುವ ಜೀನ್‌ಗಳು 2,866, ಸುಣ್ಣದಂಶ ಸಾಗಿಸುವ, ಕೂಡಿಡುವ ಜೀನ್‌ಗಳು 330. ಮುದ್ದೆ ತಿಂದರೆ ಮೂಳೆ ಗಟ್ಟಿ ಅಂತ ಅಜ್ಜಿ ಹೇಳುತ್ತಿದ್ದದ್ದರ ಜಾಡು ಅಲ್ಲಿದೆ.

ಮರು ವರ್ಷವೇ, 2018ರಲ್ಲಿ, ಇನ್ನೊಂದು. ಜ್ಯೂರಿಕ್ ವಿಶ್ವವಿದ್ಯಾಲಯದವರು ಮುಂದೆ ನಿಂತು, ಜಿಕೆವಿಕೆಯವರೂ ಕೈಜೋಡಿಸಿ, ಪಿಆರ್-202 ಅನ್ನುವ ತಳಿಯದ್ದು. ಜೀನ್ 62,348.

ತಳಿ ಬೇರೆ, ನಿಜ. ಆದರೆ ಒಂದು ರಾಗಿಗೂ ಇನ್ನೊಂದು ರಾಗಿಗೂ ಇಪ್ಪತ್ತಮೂರು ಸಾವಿರದಷ್ಟು ಜೀನ್ ವ್ಯತ್ಯಾಸ ಇರುವುದಿಲ್ಲ. ಜೀನೋಮನ್ನು ಯಾರೂ ಮೊದಲಿಂದ ಕೊನೆವರೆಗೆ ಒಂದೇ ಉಸಿರಿಗೆ ಓದುವುದಿಲ್ಲ. ಪುಸ್ತಕವನ್ನು ಚೂರು ಚೂರು ಹರಿದು, ಚೂರುಗಳನ್ನು ಓದಿ, ಮತ್ತೆ ಅಂಟಿಸುತ್ತಾರೆ. ಮೊದಲ ಸಲ ಸಣ್ಣ ಚೂರುಗಳಷ್ಟೇ ಇದ್ದದ್ದರಿಂದ ಅಂಟಿಸಿದ ಮೇಲೂ ಐದು ಲಕ್ಷಕ್ಕೂ ಹೆಚ್ಚು ತುಂಡು ಉಳಿದವು. ಎರಡನೇ ತಂಡ ಸಣ್ಣ ಚೂರುಗಳ ಜೊತೆ ಉದ್ದನೆಯ ಚೂರುಗಳನ್ನೂ ಓದಿ, ಮೇಲೆ ಡಿಎನ್‌ಎಯ ಒಂದು ರೀತಿಯ ನಕ್ಷೆಯನ್ನೂ ಇಟ್ಟುಕೊಂಡು ಅಂಟಿಸಿತು. ಉಳಿದದ್ದು 1,897 ತುಂಡು. ಅರ್ಧದಷ್ಟು ಪುಸ್ತಕ 26 ಲಕ್ಷ ಅಕ್ಷರಕ್ಕಿಂತ ಉದ್ದದ ತುಂಡುಗಳಲ್ಲಿದೆ. ತುಂಡು ಹೆಚ್ಚಿದ್ದಾಗ ಒಂದೇ ಜೀನ್ ಎರಡು ತುಂಡಿನ ಅಂಚಿನಲ್ಲಿ ಮುರಿದು ಎರಡು ಅಂತ ಎಣಿಕೆಯಾಗಬಹುದು.

ಇನ್ನೊಂದು ಗೊಂದಲ ರಾಗಿಯದ್ದೇ. ರಾಗಿ ಅಂದರೆ ಎರಡು ಪೂರ್ವಜರ ಜೀನೋಮ್‌ಗಳು ಒಂದೇ ಗಿಡದಲ್ಲಿ ಸೇರಿಕೊಂಡ ಬೆಳೆ, 36 ಕ್ರೋಮೋಸೋಮು. ಹೆಚ್ಚುಕಡಿಮೆ ಒಂದೇ ಥರ ಇರುವ ಎರಡು ಪುಸ್ತಕಗಳನ್ನು ಒಟ್ಟಿಗೆ ಹರಿದು ಬೆರೆಸಿಟ್ಟ ಹಾಗೆ. ಎರಡನ್ನೂ ಬೇರೆ ಮಾಡಿ ಅಂಟಿಸಬೇಕೋ, ಎಲ್ಲಿ ಬೆರೆಯಿತು, ಯಾವುದನ್ನು ಜೀನ್ ಅಂತ ಒಪ್ಪಬೇಕು, ಎಷ್ಟು ಉದ್ದ ಇದ್ದರೆ ಒಪ್ಪಬೇಕು, ಪ್ರತಿ ಹೆಜ್ಜೆಯಲ್ಲೂ ಯಾರೋ ಕೂತು ಒಂದು ಗಡಿ ಸಂಖ್ಯೆ ಹಾಕಿದ್ದಾರೆ. ಒಂದೇ ರಾಗಿ ಹಿಟ್ಟಿನಲ್ಲಿ ಇಬ್ಬರು ಮುದ್ದೆ ತಿರುವಿದರೂ ಎಸರಿನ ಅಳತೆ ಗೊತ್ತಿಲ್ಲದೆ ಹೋಲಿಸುವುದು ಹೇಗೆ?

ಆ 2018ರ ಪ್ರಬಂಧದ ಹೆಸರಿನಲ್ಲೇ, ಸಾರಾಂಶದಲ್ಲೇ, ಜಂಬದಿಂದ ಹೇಳಿಕೊಂಡಿರುವುದು ರಾಗಿಗಿಂತ ಹೆಚ್ಚಾಗಿ ತಮ್ಮ ಜೋಡಣೆಯ ವರ್ಕ್‌ಫ್ಲೋ ಬಗ್ಗೆ. ಬೇರೆ ಇಂಥ ಜೋಡಿ ಜೀನೋಮ್ ಬೆಳೆಗಳಿಗೂ ಇದು ಆಗುತ್ತದೆ ಅಂತ. ಮೊದಲ ಲೇಖಕ ಮಸಾವೊಮಿ ಹತಾಕೆಯಾಮ ಅದಕ್ಕೆ ಎರಡು ವರ್ಷ ಮೊದಲು ಸುಶಿ ಅನ್ನುವ ತಂತ್ರಾಂಶದ ಬಗ್ಗೆ ಬರೆದಿದ್ದರು. ಯಾರು, ಯಾವಾಗ, ಯಾವ ತಂತ್ರಾಂಶದ ಯಾವ ಆವೃತ್ತಿಯನ್ನು, ಯಾವ ಸಂಖ್ಯೆ ಹಾಕಿ ಓಡಿಸಿದರು ಅನ್ನುವುದನ್ನೆಲ್ಲ ತಾನೇ ಬರೆದಿಟ್ಟುಕೊಳ್ಳುವ ತಂತ್ರಾಂಶ. ಅದನ್ನು ಓದಿದಾಗ ಮೊದಲು ನೆನಪಾದದ್ದು 2014ರ ಆ ಫೋನು.

ಇದು ರಾಗಿಗೆ ಮಾತ್ರ ಆದದ್ದಲ್ಲ. 2015ರಲ್ಲಿ ತುಳಸಿ ಜೀನೋಮ್ ಎರಡು ಸಲ ಬಂತು. ಎನ್‌ಸಿಬಿಎಸ್‌ನವರು ಕೃಷ್ಣ ತುಳಸಿಯನ್ನು ಓದಿ 374 ಮೆಗಾಬೇಸ್ ಅಂದರು, ಲಖನೌದವರು 386 ಅಂದರು.

ಈಗ ಕಾಲ ಬದಲಾಗಿದೆ. ದೂರದ ಕಿಟಕಿ ನಂಬಿಕೊಂಡು ಕೂರುವುದು ಕಡಿಮೆ. ತಂತ್ರಾಂಶಗಳನ್ನೇ ಆವೃತ್ತಿ ಸಮೇತ ಡಬ್ಬಿಯಲ್ಲಿ ಸೀಲ್ ಮಾಡಿ ವರ್ಕ್‌ಫ್ಲೋ ಜೊತೆಗೇ ಕಳಿಸುತ್ತಾರೆ, ಉಪ್ಪಿನಕಾಯಿ ಭರಣಿ ಕಟ್ಟಿಕೊಟ್ಟ ಹಾಗೆ. 2005ರಲ್ಲಿ ಶುರುವಾದ ಗ್ಯಾಲಕ್ಸಿ ಇನ್ನೂ ಗಟ್ಟಿಯಾಗಿದೆ, ಸ್ನೇಕ್‌ಮೇಕ್, ನೆಕ್ಸ್ಟ್‌ಫ್ಲೋ ಬಂದಿವೆ. ಟವೆರ್ನಾ ಮಾಡಿದ ಗೋಬಲ್ ಅವರ ಬಳಗವೇ ಮತ್ತೆ ಸೇರಿ 2020ರಲ್ಲಿ ವರ್ಕ್‌ಫ್ಲೋಹಬ್ ಅಂತ ಹೊಸ ಉಗ್ರಾಣ ತೆರೆದಿದೆ. ಅದು ಕೋವಿಡ್ ಕಾಲ. ವೈರಸ್ಸಿನ ಜೀನೋಮ್ ಓದಿ ರೂಪಾಂತರ ಗುರುತಿಸಲು ದೇಶ 2020ರ ಡಿಸೆಂಬರಿನಲ್ಲಿ ಹತ್ತು ಪ್ರಯೋಗಾಲಯಗಳ ಕೂಟ ಕಟ್ಟಿದಾಗ ಅದರಲ್ಲಿ ಎನ್‌ಸಿಬಿಎಸ್ ಕೂಡ ಒಂದು. ಒಂದು ಪ್ರಯೋಗಾಲಯ ಡೆಲ್ಟಾ ಅಂದದ್ದನ್ನು ಇನ್ನೊಂದು ಬೇರೇನೋ ಅಂದರೆ ಆಗ ನಗೆಚಾಟಿಕೆಗೆ ನಿಲ್ಲುತ್ತಿರಲಿಲ್ಲ.

ಅಕ್ಕನ ಮಗನಿಗೆ ಕೊನೆಗೆ ಹೇಳಿದ್ದು ಇಷ್ಟು: ಎರಡೂ ಸಂಖ್ಯೆ ಹಾಕು, ಪಕ್ಕದಲ್ಲಿ ತಳಿ, ವರ್ಷ, ಎಷ್ಟು ತುಂಡು, ಜೋಡಿಸಿದ ರೀತಿ ಬರೆ. "ಒಂದು ಸ್ಲೈಡಲ್ಲಿ ಹಿಡಿಯಲ್ಲ ಮಾವ" ಅಂದ. ಎರಡು ಸ್ಲೈಡ್ ಮಾಡು ಅಂದೆ.

ಅವನು ಹೋದ ಮೇಲೆ ಹಳೇ ಹಾರ್ಡ್ ಡಿಸ್ಕ್ ಹುಡುಕಿ ತೆಗೆದೆ. ರಾಗಿ ವರ್ಕ್‌ಫ್ಲೋ ಫೈಲು ಇನ್ನೂ ಇದೆ. ಓಡಿಸಲು ಟವೆರ್ನಾ ಇಲ್ಲ, ನೋಟ್‌ಪ್ಯಾಡಿನಲ್ಲಿ ತೆರೆದು ಓದಿದೆ. ಡಬ್ಬಿಗಳ ಹೆಸರು, ಬಾಣಗಳು, ಮುಚ್ಚಿಹೋದ ಕಿಟಕಿಯ ವಿಳಾಸ ಎಲ್ಲಾ ಅಲ್ಲಿವೆ. ವಿವರಣೆ ಬರೆಯಬೇಕಾದ ಜಾಗದಲ್ಲಿ ನಾನು ಬರೆದಿದ್ದದ್ದು ಒಂದೇ ಸಾಲು: ರಾಗಿ ಜೀನ್ ಕೊಟ್ಟರೆ ಅಕ್ಕಿಯಲ್ಲಿ ಹುಡುಕುತ್ತದೆ. ಅದರ ಕೆಳಗೆ ಅಕ್ಕಿ ಪಟ್ಟಿಯ ಆವೃತ್ತಿ ಅಂತ ಬರೆದು, ಮುಂದೆ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆಮೇಲೆ ತುಂಬೋಣ ಅಂತ ಬಿಟ್ಟಿದ್ದೆ.